ಮಾತು ಬಿಟ್ಟವರ ನಡುವೆ ಒಂದು ನಾಯಿ

ನಮ್ಮ ಕಾಕಾನಷ್ಟು ಮಾತುಗಾರರು ಕೊಪ್ಪಳದಲ್ಲಿ ಇನ್ನೊಬ್ಬರಿರಲಿಲ್ಲ. ಸಾಕ್ಷಿ ಬೇಕೆ? ಅರ್ಧ ಊರಿನೊಂದಿಗೆ ಅವರು ಮಾತು ಬಿಟ್ಟಿದ್ದರು! ಮಾತೇ ಆಡದವನು ಯಾರೊಂದಿಗಾದರೂ ಮಾತು ಬಿಡುವುದು ಹೇಗೆ ಸಾಧ್ಯ, ನೀವೇ ಹೇಳಿ.

ಅರ್ಧ ಊರು ಎಂಬುದು ನಮ್ಮ ಅವ್ವನ ಅಂದಾಜು. ನಾನು ಒಮ್ಮೆ ಕುಳಿತು ಎಣಿಸಿದಾಗ ಹನ್ನೊಂದು ಮಂದಿ ಸಿಕ್ಕಿದ್ದರು. ಉತ್ಪ್ರೇಕ್ಷೆ ನನಗೆ ಹಿಡಿಸುವುದಿಲ್ಲ. ಆದರೆ ಕಾಕಾನ ವಿಷಯದಲ್ಲಿ ನಿಜವನ್ನೇ ಹೇಳಿದರೂ ಜನ ಅದನ್ನು ಉತ್ಪ್ರೇಕ್ಷೆ ಎಂದೇ ತಿಳಿಯುವುದರಿಂದ, ಆ ಚಿಂತೆಯನ್ನು ಇಲ್ಲಿಗೇ ಬಿಡುತ್ತೇನೆ.

ಕಾಕಾ ಎಂದರೆ ಅಪ್ಪನ ತಮ್ಮ. ನಮ್ಮ ಮನೆಯಲ್ಲೇ ಇದ್ದರು. ಬಜಾರಿನಲ್ಲಿ ಅವರದೊಂದು ಹಗ್ಗದ ಅಂಗಡಿ. ಬಾವಿಯ ಹಗ್ಗ, ದನ ಕಟ್ಟುವ ಹಗ್ಗ, ಎತ್ತಿನ ಮೂಗುದಾಣ, ಕೊರಳ ಗೆಜ್ಜೆ, ಬಾರುಕೋಲು, ಎಲ್ಲ ಅಲ್ಲಿ ಸಿಗುತ್ತಿದ್ದವು. ಅವರಿಗೆ ಮದುವೆಯಾಗಿರಲಿಲ್ಲ. ಪ್ರಯತ್ನ ಆಗಿರಲಿಲ್ಲವೆಂದಲ್ಲ, ಯಲಬುರ್ಗಿಯಲ್ಲಿ ಹೆಣ್ಣು ನೋಡಲು ಹೋಗಿ, ಅವಲಕ್ಕಿ ತಿನ್ನುವಷ್ಟರಲ್ಲಿ ಹೆಣ್ಣಿನ ತಂದೆಯೊಂದಿಗೆ ಮಾತು ಬಿಟ್ಟು ಬಂದಿದ್ದರು. ಹೆಣ್ಣು ಒಪ್ಪಿಗೆಯಾಗಿತ್ತಂತೆ. ಆದರೆ ಮಾತುಕತೆಯಿಲ್ಲದೆ ಮದುವೆ ಮಾತುಕತೆ ಮುಂದುವರಿಸುವುದು ಹೇಗೆ?

ಮಾತು ಬಿಡುವುದೆಂದರೆ ವೈರವಲ್ಲ, ಇದನ್ನು ಮೊದಲು ತಿಳಿಯಬೇಕು. ವೈರಿಯ ಮನೆಯ ಮದುವೆಗೆ ಯಾರೂ ಹೋಗುವುದಿಲ್ಲ. ಮಾತು ಬಿಟ್ಟವರ ಮನೆಯ ಮದುವೆಗೆ ಕಾಕಾ ತಪ್ಪದೆ ಹೋಗಿ, ಮೊದಲ ಪಂಕ್ತಿಯಲ್ಲೇ ಕುಳಿತು, ಎರಡು ಸಲ ಗೋಧಿ ಹುಗ್ಗಿ ಹಾಕಿಸಿಕೊಂಡು ಬರುತ್ತಿದ್ದರು. ಕೇಳಿ ಹಾಕಿಸಿಕೊಳ್ಳುವುದು ಹೇಗೆಂದರೆ, ಪಕ್ಕದ ಎಲೆಯವರ ಮೂಲಕ. ಇದು ನಮ್ಮ ಕಡೆಯ ಪದ್ಧತಿ. ಇಬ್ಬರ ನಡುವೆ ಮಾತು ನಿಂತರೆ ನಡುವೆ ಮೂರನೆಯವರೊಬ್ಬರನ್ನು ಇಟ್ಟುಕೊಂಡು, “ಅವರಿಗೆ ಹೇಳು”, “ಇವರಿಗೆ ಕೇಳು” ಎಂದು ವ್ಯವಹಾರ ಸಾಗಿಸಬೇಕು. ಇಬ್ಬರೂ ಎದುರುಬದುರು ಕುಳಿತಿದ್ದರೂ ಅಡ್ಡಿಯಿಲ್ಲ. ಮೂರನೆಯವರು ಸಿಗದಿದ್ದರೆ ಕಂಬ, ಗೋಡೆ, ಏನಾದರೂ ಆದೀತು.

ಕ್ಷೌರದಂಗಡಿಯಲ್ಲಿ ಆ ಕೆಲಸ ಕನ್ನಡಿಯದು. ಅಂಗಡಿಯವನೊಂದಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹಾಗೆಂದು ಬೇರೆ ಕಡೆ ಹೋಗುವಂತಿರಲಿಲ್ಲ. ಊರಲ್ಲಿ ಅಷ್ಟು ಹಗುರವಾದ ಕೈ ಇನ್ನೊಂದಿರಲಿಲ್ಲ.

“ಕಿವಿ ಹಿಂದ ಕೂದಲ ಉಳದಾವ,” ಎಂದು ಕಾಕಾ ಕನ್ನಡಿಗೆ ಹೇಳುತ್ತಿದ್ದರು.

“ಹಿಂಗ ತಲಿ ಅಳ್ಳಾಡಿಸಿದ್ರ ಕಿವೀನೂ ಉಳ್ಯಂಗಿಲ್ಲ,” ಎಂದು ಅವನೂ ಕನ್ನಡಿಗೇ ಹೇಳುತ್ತಿದ್ದ.

ಮನೆಯಲ್ಲಿ ಅವ್ವನೊಂದಿಗೆ ವರ್ಷಕ್ಕೆ ನಾಲ್ಕೈದು ಸಲ ಬಿಡುತ್ತಿದ್ದರು. ಒಮ್ಮೆ ಎಣ್ಣೆಗಾಯಿಗೆ ಉಪ್ಪು ಹೆಚ್ಚಾಗಿದೆ ಎಂದದ್ದಕ್ಕೆ ಅವ್ವ ಏನೋ ಅಂದಳು, ಕಾಕಾ ಮಾತು ಬಿಟ್ಟರು. ಅಂದಿನಿಂದ ಅಡುಗೆಮನೆಯ ಬಾಗಿಲಿಗೆ ಕೆಲಸ ಶುರುವಾಯಿತು.

“ಬಾಗಲಾ, ಇನ್ನೊಂದ ರೊಟ್ಟಿ ಬೇಕಂತ ಹೇಳು.”

“ಬಾಗಲಾ, ಉಪ್ಪ ಹೆಚ್ಚಾಗೋ ಮನ್ಯಾಗ ರೊಟ್ಟಿ ಹೆಂಗ ಸೇರತೈತಿ ಅಂತ ಕೇಳು.”

“ಬಾಗಲಾ, ರೊಟ್ಟ್ಯಾಗ ಉಪ್ಪ ಇರಂಗಿಲ್ಲಂತ ಹೇಳು.”

ಮೂರನೆಯ ದಿನ ಬಡಗಿ ಬಂದು, ಗೆದ್ದಲು ಹಿಡಿದಿದ್ದ ಆ ಬಾಗಿಲನ್ನು ದುರಸ್ತಿಗೆಂದು ಕಳಚಿಕೊಂಡು ಹೋದ. ಬೇರೆ ದಾರಿಯಿಲ್ಲದೆ ಇಬ್ಬರೂ ಮಾತಾಡಿದರು!

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಕೆಲಸದ ಪತ್ರಕ್ಕಾಗಿ ಕಾಯುತ್ತ ಮನೆಯಲ್ಲಿದ್ದ ವರ್ಷ ಅದು. ಕಾಕಾನಿಗೆ ಬಾಗಿಲಿಗಿಂತ ಉತ್ತಮವಾದ ಉಪಕರಣ ಸಿಕ್ಕಿತು. ಬಜಾರಿನಲ್ಲಿ ಯಾರೊಂದಿಗೆ ಏನು ಜರೂರು ಮಾತಿದ್ದರೂ ನನ್ನನ್ನು ಕರೆದೊಯ್ಯುತ್ತಿದ್ದರು. “ಈಕಿ ಭಾಳ ಛಲೋ. ಹೇಳಿದ್ದನ್ನ ಹೇಳಿದಂಗ ಹೇಳ್ತಾಳ. ತಂದೊಂದು ಮಾತು ಸೇರಸಂಗಿಲ್ಲ,” ಎಂದು ಅಪ್ಪನ ಮುಂದೆ ಹೊಗಳಿದ್ದರು. ಆರು ವರ್ಷ ಕಾಲೇಜು ಓದಿದ್ದಕ್ಕೆ ನನಗೆ ಬಂದ ಮೊದಲ ಪ್ರಶಂಸಾಪತ್ರ ಅದು. ನನಗೂ ಈ ಕೆಲಸ ಒಗ್ಗುತ್ತಿತ್ತು. ಇನ್ನೊಬ್ಬರ ಮಾತನ್ನು ಒಪ್ಪಿಸುವವಳಿಗೆ ತನ್ನದೇನು ಎಂದು ಯಾರೂ ಕೇಳುವುದಿಲ್ಲ.

ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಯ ಕಾರಣಗಳು ಇಂಥವೇ, ಉಪ್ಪು ಹುಳಿಯವು. ಹನ್ನೊಂದನೆಯವರದು ಮಾತ್ರ ಬೇರೆ. ಅವರು ದನದ ಡಾಕ್ಟರು. ಕಾಕಾನ ವಾರಿಗೆಯವರು. ದನದ ದವಾಖಾನೆ ಅಂಗಡಿಯ ಹಿಂದಿನ ಓಣಿಯಲ್ಲೇ ಇದ್ದುದರಿಂದ ಸಂಜೆಯಾದರೆ ಬಂದು ಅಂಗಡಿಯ ಹಲಗೆಯ ಮೇಲೆ ಕುಳಿತುಬಿಡುತ್ತಿದ್ದರು. ಇಬ್ಬರೂ ಏಕವಚನದಲ್ಲಿ ಮಾತಾಡುವಷ್ಟು ಗೆಳೆಯರು.

ಆಗಷ್ಟೇ ಗಂಗಾವತಿಯಿಂದ ನೈಲಾನ್ ಹಗ್ಗ ಬರತೊಡಗಿತ್ತು. ಕಾಕಾ ಒಂದು ಸಿಂಬಿ ತರಿಸಿದ್ದರು. ಹಸಿರು ಬಣ್ಣ, ನಡುವೆ ಒಂದು ಹಳದಿ ಎಳೆ. ಕೊಪ್ಪಳದಲ್ಲಿ ಬೇರೆ ಯಾರ ಬಳಿಯೂ ಅದಿರಲಿಲ್ಲ. ನಾಲ್ಕಾರು ರೈತರ ಎದುರು ಎರಡೂ ಕೈಯಲ್ಲಿ ಹಿಡಿದು ಜಗ್ಗಿ, “ಆನಿ ಕಟ್ರಿ ಬೇಕಾದ್ರ. ಹರ್ಯಂಗಿಲ್ಲ,” ಎಂದರು.

ಹಲಗೆಯ ಮೇಲಿದ್ದ ಡಾಕ್ಟರು, “ಹಗ್ಗ ಹರ್ಯಂಗಿಲ್ಲ, ಖರೆ. ಚರ್ಮ ಹರಿತೈತಿ. ನಿನ್ನ ಅಂಗಡಿ ಇರೂತನಕ ನನ್ನ ದವಾಖಾನಿಗೆ ಬರ ಇಲ್ಲ ಬಿಡಪಾ,” ಎಂದರು.

ಎಲ್ಲರೂ ನಕ್ಕರು. ಒಬ್ಬ ರೈತ ಕೈಗೆತ್ತಿಕೊಂಡಿದ್ದ ಹಗ್ಗವನ್ನು ಕೆಳಗಿಟ್ಟು ಹೋದ. ಕಾಕಾ ನಗಲಿಲ್ಲ. ಅಂದಿಗೆ ಮಾತು ತೀರಿತು. ಅಷ್ಟೇ ಅಲ್ಲ, ಒಳಗಿದ್ದ ನೈಲಾನ್ ಹಗ್ಗವನ್ನೆಲ್ಲ ತಂದು ಅಂಗಡಿಯ ಮುಂದೆ ತೋರಣದಂತೆ ಇಳಿಬಿಟ್ಟರು. ಓಣಿಯಿಂದ ಬರುವವರಿಗೆ, ಅಂದರೆ ಒಬ್ಬರಿಗೆ, ಮೊದಲು ಕಾಣುವಂತೆ. ಹೀಗೆ ನಾಲ್ಕು ವರ್ಷ ಕಳೆದಿದ್ದವು.

ಇನ್ನು ನಾಯಿಯ ವಿಷಯ.

ಕಾಕಾನಿಗೆ ನಾಯಿ ಎಂದರೆ ಆಗುತ್ತಿರಲಿಲ್ಲ. ಎರಡು ಸಲ ಕಚ್ಚಿಸಿಕೊಂಡು, ಹೊಕ್ಕುಳ ಸುತ್ತ ಹದಿನಾಲ್ಕರಂತೆ ಎರಡು ಸಲ ಸೂಜಿ ಚುಚ್ಚಿಸಿಕೊಂಡವರು. ದಾರಿಯಲ್ಲಿ ನಾಯಿ ಕಂಡರೆ ಕೊಡೆಯನ್ನು ಮುಂದೆ ಹಿಡಿದು ನಡೆಯುತ್ತಿದ್ದರು. “ನಾಯಿ ಜೋಡಿ ಒಂದ ನಾ ಮಾತು ಬಿಟ್ಟಿಲ್ಲ. ಯಾಕಂದ್ರ ಎಂದೂ ಆಡೇ ಇಲ್ಲ,” ಎನ್ನುತ್ತಿದ್ದರು. ಇಂಥ ಮನುಷ್ಯ ಒಂದು ದಿನ ಇರಕಲ್ಲಗಡಕ್ಕೆ ಪುಂಡಿ ನಾರಿನ ಹಗ್ಗ ತರಲು ಹೋದವರು, ಬಾಡಿಗೆ ಚಕ್ಕಡಿಯಲ್ಲಿ ನಾರಿನ ಕಟ್ಟುಗಳ ನಡುವೆ ಒಂದು ನಾಯಿಯನ್ನು ಮಲಗಿಸಿಕೊಂಡು ಬಂದರು!

ಅವ್ವ ಬಾಗಿಲಿಗೆ ಬಂದವಳು ಮೂಗಿಗೆ ಸೆರಗು ಹಿಡಿದಳು.

“ಏನ್ ತಂದೀಯೋ ಯಪ್ಪಾ?”

“ಹಗ್ಗ.”

“ಹಗ್ಗ ಹಿಂಗ ನಾರತೈತೇನು?”

ಕಂದು ಬಣ್ಣದ ಹೆಣ್ಣು ನಾಯಿ. ಪೂರಾ ಬೆಳೆದಿರಲಿಲ್ಲ. ಹಗ್ಗ ಹೊಸೆಯುವವರ ಬೇವಿನ ಮರದ ಕೆಳಗೆ ಬಿದ್ದಿತ್ತಂತೆ. ಕೊರಳ ಸುತ್ತ ಗಾಯ, ಗಾಯದಲ್ಲಿ ಹುಳ. ಊರವರು ಅತ್ತಿಂದಿತ್ತ ದಾಟಿ ಹೋಗುತ್ತಿದ್ದರಂತೆ. ಕಾಕಾ ಯಾಕೆ ದಾಟಿ ಬರಲಿಲ್ಲ ಎಂಬುದು ನಮಗೆ ಆಗ ತಿಳಿಯಲಿಲ್ಲ.

ಅವ್ವ ಬೈಯುತ್ತಲೇ ಸೀತಾಫಲದ ಎಲೆ ಅರೆದಳು. ಬೈಯುತ್ತಲೇ ಬೇವಿನೆಣ್ಣೆ ಕಾಯಿಸಿದಳು. ಕೋಳಿ ಗರಿಯಿಂದ ಎಣ್ಣೆ ಬಿಡುತ್ತ ಹೋದಂತೆ ಹುಳ ಹೊರಬಿದ್ದವು. ರೋಮ ಸರಿಸಿದಾಗ ಗಾಯದ ಆಳದಲ್ಲಿ ಏನೋ ಕಂಡಿತು. ಮರಿಯಾಗಿದ್ದಾಗ ಯಾರೋ ಕೊರಳಿಗೆ ಹಗ್ಗ ಕಟ್ಟಿ ಮರೆತಿದ್ದರು. ಮರಿ ಬೆಳೆದಿತ್ತು, ಹಗ್ಗ ಬೆಳೆದಿರಲಿಲ್ಲ. ಮಾಂಸ ಅದರ ಮೇಲೆ ಕೂಡಿಕೊಂಡಿತ್ತು. ಹಸಿರು ಹಗ್ಗ. ನಡುವೆ ಒಂದು ಹಳದಿ ಎಳೆ.

“ಯಪ್ಪಾ,” ಎಂದಳು ಅವ್ವ, “ಇದು ನಿನ್ನ ಅಂಗಡೀದಲ್ಲೇನು?”

ಕಾಕಾ ಅವಳಿಗೂ ಉತ್ತರ ಕೊಡಲಿಲ್ಲ, ಬಾಗಿಲಿಗೂ ಕೊಡಲಿಲ್ಲ.

ಹುಳ ಹೋದವು, ಆದರೆ ಹಗ್ಗವನ್ನು ತೆಗೆಯುವುದು ನಮ್ಮಿಂದ ಆಗುವ ಕೆಲಸವಾಗಿರಲಿಲ್ಲ. ಕೊರಳು ಬಾತು ಗಂಟಲು ಕಟ್ಟಿತ್ತು. ಅನ್ನ ಇಳಿಯುತ್ತಿರಲಿಲ್ಲ, ಎರಡನೆಯ ದಿನ ನೀರೂ ಇಳಿಯದಾಯಿತು. ಕಾಕಾ ನಮ್ಮ ಮನೆಯ ಓಣಿಯ ತುದಿಯ ಖಾಸಗಿ ಡಾಕ್ಟರರನ್ನು ಕರೆಯಲು ಹೋದರು.

“ನಾ ಮನಶ್ಯಾರ ಡಾಕ್ಟರ ರೀ,” ಎಂದರು ಅವರು.

“ಮನಶ್ಯಾರಿಗರ ಛಲೋ ಮಾಡ್ತೀರಂತ ಯಾರ ಹೇಳಿದ್ರು?” ಎಂದು ಕೇಳಿ ಕಾಕಾ ತಿರುಗಿ ಬಂದರು. ಹನ್ನೊಂದಿದ್ದವರು ಹನ್ನೆರಡಾದರು.

“ದನದ ದವಾಖಾನಿ ಇಲ್ಲೇ ಅಂಗಡಿ ಹಿಂದ ಐತಿ,” ಎಂದಳು ಅವ್ವ.

“ಅಂವನ ಕಡೆ? ಸತ್ರೂ ಹೋಗಂಗಿಲ್ಲ.”

“ಸಾಯೂದು ನೀನಲ್ಲ, ಅದು.”

ಕಾಕಾ ನಾಯಿಗೆ ಬೆನ್ನು ಮಾಡಿ ಕುಳಿತರು. ಆಮೇಲೆ, “ಅಂವಗ ಈ ಹಗ್ಗ ತೋರಸಂಗಿಲ್ಲ ನಾ,” ಎಂದರು. ನಾಲ್ಕು ವರ್ಷಗಳಲ್ಲಿ ಅವರು ಆ ಜಗಳದ ಬಗ್ಗೆ ಹೇಳಿದ ಒಂದೇ ನಿಜವಾದ ಮಾತು ಅದು. ಮರುಕ್ಷಣ ಟೋಪಿ ಇಟ್ಟುಕೊಂಡು ಎದ್ದರು. “ಕುಷ್ಟಗ್ಯಾಗೂ ದವಾಖಾನಿ ಐತಿ. ಅಲ್ಲೂ ಡಾಕ್ಟರ ಅದಾರ. ನಡಿಯವಾ, ಬಸ್ಸಿನ ಹೊತ್ತಾತು.”

ಹೀಗೆ, ಅಂಗಡಿಯಿಂದ ಐವತ್ತು ಹೆಜ್ಜೆ ದೂರದ ಡಾಕ್ಟರರನ್ನು ತಪ್ಪಿಸಲು ನಾವು ಎರಡು ತಾಸಿನ ದಾರಿ ಹಿಡಿದೆವು. ನಾನೇಕೆ ಹೋದೆ ಎಂದು ಕೇಳುತ್ತೀರಾ? ಬಸ್ಸಿನಲ್ಲಿ ಮಾತು ಬಿಟ್ಟವರು ಯಾರಾದರೂ ಸಿಕ್ಕರೆ ಬೇಕಲ್ಲ!

ನಾಯಿಯನ್ನು ಬಿದಿರು ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಗೋಣಿಚೀಲ ಹೊದಿಸಿ, ಕಾಲ ನಡುವೆ ಇಟ್ಟುಕೊಂಡು ಕುಳಿತೆವು. ಕಂಡಕ್ಟರ್ ಗಾಳಿ ಮೂಸಿದ.

“ಯಜಮಾನ್ರ, ಬುಟ್ಟ್ಯಾಗ ಏನೈತ್ರಿ?”

“ಪೇಶಂಟ.”

ಅವನು ಚೀಲ ಎತ್ತಿ ನೋಡಿ ಹಿಂದೆ ಸರಿದ. “ಇದು ನಾಯಿ!”

“ನಾ ಯಾವಾಗ ಅಲ್ಲ ಅಂದೆ?”

“ಕೋಳಿಗೆ ರೂಲ್ ಐತಿ, ಕುರೀಗೆ ರೂಲ್ ಐತಿ. ನಾಯಿಗೆ ಏನಂತ ಟಿಕೇಟ್ ಹರೀಲಿ?”

“ಕುರಿ ಅಂತ ಹರಿ.”

“ನಡುವ ಬೊಗಳಿದ್ರ?”

“ನಿಮ್ಮ ಬಸ್ಸಿನ್ಯಾಗ ಕುಂತ್ರ ಕುರೀನೂ ಬೊಗಳತೈತಿ!”

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಕುರಿಯೆಂದೇ ಟಿಕೇಟು ಹರಿದು, ಕಾಕಾನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟ. “ನಿಮ್ಮ ಹಿರ್ಯಾರಿಗೆ ಹೇಳ್ರಿ ಅಕ್ಕಾರ, ಬಾಯಿ ಭಾಳ ಆತು,” ಎಂದ. ಮಾತು ಬಿಡುವುದರಲ್ಲಿ ಕಾಕಾನಿಗಿಂತ ಮೊದಲು ಕೈಹಾಕಿದ ಮನುಷ್ಯನನ್ನು ನಾನು ಕಂಡದ್ದು ಅದೊಂದೇ ಸಲ. ಕುಷ್ಟಗಿ ಬರುವವರೆಗೂ ಕಾಕಾನಿಗೆ ಆ ಅವಮಾನ ತಡೆಯಲಾಗಲಿಲ್ಲ.

ಬುಟ್ಟಿಯಲ್ಲಿದ್ದದ್ದು ಬೊಗಳುವ ಸ್ಥಿತಿಯಲ್ಲಿರಲಿಲ್ಲ. ಬಸ್ಸು ಕುಲುಕಿದಾಗೊಮ್ಮೆ ನಾನು ಚೀಲದ ಅಂಚು ಎತ್ತಿ ನೋಡುತ್ತಿದ್ದೆ. ಪಕ್ಕೆಲುಬು ಏರಿ ಇಳಿಯುತ್ತಿತ್ತು. ಒಮ್ಮೆ ಏರಿದ್ದು ಇಳಿಯಲು ತಡವಾಯಿತು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು, ಬುಟ್ಟಿಯನ್ನು ನೋಡುತ್ತಿರಲಿಲ್ಲ.

ಕುಷ್ಟಗಿಯ ದನದ ದವಾಖಾನೆಯಂಗಳದಲ್ಲಿ ದನಗಳನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಕಟಕಟೆಯಿತ್ತು, ಅದರೊಳಗೆ ಒಂದು ಎಮ್ಮೆಯಿತ್ತು, ಜಗಲಿಯಲ್ಲಿ ರಜಿಸ್ಟರ್ ಇಟ್ಟುಕೊಂಡ ಕಾಂಪೌಂಡರ್ ಇದ್ದ.

“ಏನ್ರಿ ಜಾನುವಾರು?” ಎಂದು ಕೇಳಿ, ಬುಟ್ಟಿ ನೋಡಿ, ಪೆನ್ನು ಕಿವಿಗೇರಿಸಿದ. “ನಾಯಿಗೆ ಕಾಲಂ ಇಲ್ರಿ. ಎತ್ತ, ಆಕಳ, ಎಮ್ಮಿ, ಕುರಿ, ಆಡು, ಕೋಳಿ. ಅಷ್ಟ.”

“ಬಸ್ಸಿನ್ಯಾಗ ಕುರಿ ಆಗಿತ್ತು. ಹಂಗ ಮುಂದುವರಸ್ರಿ,” ಎಂದರು ಕಾಕಾ. ಅವನು ನಿಜವಾಗಿಯೂ ಹಾಗೆಯೇ ಬರೆದುಕೊಂಡ.

“ಡಾಕ್ಟರ ಅದಾರೇನು?”

“ನಮ್ಮ ಡಾಕ್ಟರ ವರ್ಗಾ ಆಗಿ ಹೋಗ್ಯಾರ್ರಿ. ಹೊಸಬ್ರು ಬರೂತನಕ ಚಾರ್ಜು ಬ್ಯಾರೇ ಊರಿನವರ ಕಡೆ ಐತಿ. ವಾರಕ್ಕ ಒಂದ ದಿನ ಬರ್ತಾರ.”

“ಯಾವತ್ತ ಬರ್ತಾರ?”

“ಇವತ್ತ! ನಿಮ್ಮ ನಸೀಬ ಛಲೋ ಐತಿ ನೋಡ್ರಿ.”

“ಎಲ್ಲಿಂದ ಬರ್ತಾರ?”

“ಕೊಪ್ಪಳದಿಂದ್ರಿ.”

ಕಾಕಾ ಬುಟ್ಟಿ ಎತ್ತಿಕೊಂಡು ಎದ್ದರು. ಜಗಲಿಯ ಮೂರು ಮೆಟ್ಟಿಲಿಳಿದರು. ನಾನು ಏನೂ ಹೇಳಲಿಲ್ಲ. ಹೇಳಲು ನನಗೆ ಯಾರೂ ಹೇಳಿರಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ನಿಂತು ಚೀಲದ ಅಂಚು ಎತ್ತಿ ನೋಡಿದರು. ಆ ದಿನ ಅವರು ಬುಟ್ಟಿಯೊಳಗೆ ನೋಡಿದ್ದು ಅದೇ ಮೊದಲು. ಮೂರು ಮೆಟ್ಟಿಲು ಮರಳಿ ಹತ್ತಿ ಬಂದು ಕುಳಿತರು.

ಅಷ್ಟರಲ್ಲಿ ಎಮ್ಮೆಯ ಹಿಂದಿನಿಂದ ಡಾಕ್ಟರು ಹೊರಬಂದರು. ದಪ್ಪ ಮನುಷ್ಯ. ಮೊಣಕೈವರೆಗೆ ಸಾಬೂನಿನ ನೊರೆ. ಕಾಕಾನನ್ನು ಕಂಡು ಅರೆಗಳಿಗೆ ನಿಂತು, ಆಮೇಲೆ ನನ್ನ ಕಡೆ ತಿರುಗಿದರು. ಪದ್ಧತಿ ಅವರಿಗೂ ಗೊತ್ತಿತ್ತು.

“ಏನವಾ ತಂಗಿ, ನಾಯಿ ಯಾರದು?”

“ಯಾರದೂ ಅಲ್ಲಂತ ಹೇಳವಾ,” ಎಂದರು ಕಾಕಾ.

“ಯಾರದೂ ಅಲ್ಲದ್ದು ಇಷ್ಟ ದೂರ ಯಾಕ ಬಂತು ಅಂತ ಕೇಳವಾ.”

“ಕೊಪ್ಪಳದಾಗ ಛಲೋ ಡಾಕ್ಟರ ಇಲ್ಲ, ಅದಕ್ಕ ಬಂತು ಅಂತ ಹೇಳು.”

“ಇಲ್ಲೂ ಅಂವನ ಅದಾನಂತ ಹೇಳು!”

ನಾನು ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗಿ ಬಾಯಿ ತೆರೆಯುವುದರೊಳಗೆ ಉತ್ತರ ಬಂದುಬಿಡುತ್ತಿತ್ತು. ಅವರಿಬ್ಬರಿಗೂ ನನ್ನ ಮಾತು ಬೇಕಾಗಿರಲಿಲ್ಲ. ನಡುವೆ ಒಂದು ಮುಖವಿದ್ದರೆ ಸಾಕಿತ್ತು. ಕಾಂಪೌಂಡರ್ ನಾಟಕ ನೋಡುವವನಂತೆ ರಜಿಸ್ಟರ್ ಮುಚ್ಚಿಟ್ಟು ಕುಳಿತಿದ್ದ.

ಡಾಕ್ಟರು ನಾಯಿಯನ್ನು ತಮ್ಮ ಬರೆಯುವ ಮೇಜಿನ ಮೇಲೆ ಮಲಗಿಸಿದರು. ಅದನ್ನು ಕಟಕಟೆಯಲ್ಲಿ ನಿಲ್ಲಿಸಿದ್ದರೆ ಕಂಬಿಗಳ ನಡುವಿನಿಂದ ಜಾರಿಬೀಳುತ್ತಿತ್ತು. ಬೆರಳಿನಿಂದ ಕೊರಳ ರೋಮ ಸರಿಸಿದರು. ಬಾಗಿ ನೋಡಿದರು. ಕನ್ನಡಕ ಹಣೆಯಿಂದ ಕೆಳಗಿಳಿಸಿ ಮತ್ತೆ ನೋಡಿದರು. ಕಾಕಾ ಚಾವಣಿಯ ಹಂಚುಗಳನ್ನು ನೋಡತೊಡಗಿದರು. ಇನ್ನೇನು, ನಾಲ್ಕು ವರ್ಷದಿಂದ ಕೂಡಿಟ್ಟ ಮಾತು ಈಗ ಬರುತ್ತದೆ ಎಂದು ನಾನು ಕಾದೆ. ಅದನ್ನು ಕಾಕಾನಿಗೆ ಹೇಗೆ ಒಪ್ಪಿಸುವುದು? ಆರು ವರ್ಷ ಓದಿದ್ದರಲ್ಲಿ ಅದು ಎಲ್ಲೂ ಇರಲಿಲ್ಲ.

“ನೀರ ಕುಡದು ಎಷ್ಟೊತ್ತಾತು ಕೇಳವಾ,” ಎಂದರು ಡಾಕ್ಟರು. ಅಷ್ಟೇ.

“ನಿನ್ನೆ ಮಧ್ಯಾಹ್ನ,” ಎಂದೆ ನಾನೇ.

“ಹಗ್ಗ ಇವತ್ತ ತಗೀಬೇಕು. ಪೂರಾ ಮಲಗಸಾಕ ಬರಂಗಿಲ್ಲ, ಭಾಳ ಸೊರಗೇತಿ, ಮಲಗಿದ್ದು ಏಳಂಗಿಲ್ಲ. ಸೂಜಿ ಹಾಕಿ ಅಷ್ಟ ಜಾಗಾ ಜುಂ ಅನಸ್ತೀನಿ. ಆದ್ರ ಹಗ್ಗದ ಬಾಜೂಕ ರಕ್ತದ ದೊಡ್ಡ ನರ ಐತಿ. ನಡುವ ಜಿಗಿದ್ರ ಅಲ್ಲಿಗೆ ಮುಗೀತು. ತಲಿ ಯಾರ ಹಿಡೀತಾರ ಕೇಳವಾ.”

ಕಾಂಪೌಂಡರ್ ಎದ್ದು ನಿಂತು, “ನಂದು ಎಮ್ಮಿ ತನಕ ಅಷ್ಟರಿ, ನಾಯಿ ಕಚ್ಚತಾವ,” ಎಂದ. ನಾನು ಮುಂದೆ ಬಂದೆ. ಕಾಕಾ ನನ್ನನ್ನು ಪಕ್ಕಕ್ಕೆ ಸರಿಸಿ, ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ತಮ್ಮ ಟವಲಿನಿಂದ ಅದರ ಬಾಯಿ ಕಟ್ಟಿ, ಎರಡೂ ಅಂಗೈಯಲ್ಲಿ ತಲೆ ಹಿಡಿದರು. ಮುಖವನ್ನು ಮಾತ್ರ ಆದಷ್ಟು ದೂರ ಇಟ್ಟಿದ್ದರು. ಇಪ್ಪತ್ತೆಂಟು ಸೂಜಿಗಳ ನೆನಪು ಕಡಿಮೆಯದೇ?

“ಹಿಡದವರಿಗೆ ಹೇಳವಾ,” ಎಂದರು ಡಾಕ್ಟರು, “ಅದರ ಜೋಡಿ ಮಾತಾಡಕೋಂತ ಇರಬೇಕು. ದನಿ ಕೇಳತಿದ್ರ ಸುಮ್ಮನಿರತೈತಿ. ನಿಲ್ಲಸಬಾರದು.”

“ನಾಯಿ ಜೋಡಿ ಏನ್ ಮಾತಾಡ್ಲಿ ಕೇಳವಾ.”

“ಗಿರಾಕಿ ಜೋಡಿ ಆಡಿದಂಗ ಆಡಂತ ಹೇಳು. ಅದಕ್ಕೇನ್ ಕಡಿಮಿ!”

ಕಾಕಾ ಗಂಟಲು ಸರಿಪಡಿಸಿಕೊಂಡರು. ಕತ್ತರಿ ಕೊರಳಿಗೆ ತಾಗಿತು. ನಾಯಿಯ ಹಿಂಗಾಲು ಅದುರಿತು.

“ಬಾರವಾ, ಬಾ,” ಎಂದು ಶುರುಮಾಡಿದರು. “ಕುಂದ್ರು. ಯಾವೂರಾಕಿ ನೀ? ಇರಕಲ್ಲಗಡದಾಕಿ? ಹಂಗಂದ್ರ ನಮ್ಮಾಕೀನ ಬಿಡು. ಏನ್ ತೋರಿಸ್ಲಿ? ಬಾವಿ ಹಗ್ಗ ಬೇಕೇನು? ಇದು ಪುಂಡಿ ನಾರಿಂದು, ನಿಮ್ಮೂರಾಗ ಹೊಸದದ್ದು. ನೀರಾಗ ನೆನದಷ್ಟೂ ಮೆತ್ತಗ ಆಗತೈತಿ. ಕೈಗೆ ಬೊಬ್ಬಿ ಬರಂಗಿಲ್ಲ. ಗೆಜ್ಜಿ ನೋಡ್ತೀಯೇನು? ನಿನ್ನ ಕೊರಳಿಗೆ ಇಷ್ಟ ಸಣ್ಣದು ಸಾಕು. ಈಗ ಬ್ಯಾಡ ಬಿಡು. ಗಾಯ ಮಾಯಲಿ, ಆಮ್ಯಾಗ ನೋಡೋಣು…”

ಕಾಂಪೌಂಡರ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ಕಾಕಾ ಅಂಗಡಿಯ ಒಂದೊಂದೇ ಸಾಲು ದಾಟುತ್ತ ಹೋದರು. ಬಾರುಕೋಲು ಮುಗಿಯಿತು, ಮೂಗುದಾಣ ಮುಗಿಯಿತು. “ಇನ್ನ ನೈಲಾನೂ ಐತಿ…” ಎಂದವರು ಅಲ್ಲಿಗೇ ನಿಂತರು.

ದನಿ ನಿಂತ ಕೂಡಲೇ ನಾಯಿಯ ಮೈ ಬಿಗಿಯಿತು.

“ಮಾತು ನಿಲ್ಲಬಾರದಂತ ಹೇಳವಾ,” ಎಂದರು ಡಾಕ್ಟರು, ತಲೆಯೆತ್ತದೆ. ಈ ಸಲ ಅವರ ದನಿ ಗಡುಸಾಗಿತ್ತು.

“ನೈಲಾನ್ ಬ್ಯಾಡ ನಿನಗ,” ಎಂದರು ಕಾಕಾ. ಅದು ಅಂಗಡಿಯ ದನಿಯಾಗಿರಲಿಲ್ಲ. “ಅದು ಹರ್ಯಂಗಿಲ್ಲ. ಮರಿ ಇದ್ದಾಗ ಕಟ್ಟಿದ್ರ ನೀ ಬೆಳೀತಿ, ಅದು ಬೆಳ್ಯಂಗಿಲ್ಲ. ನನಗ ಗೊತ್ತಿರಲಿಲ್ಲಂತ ತಿಳ್ಕೋಬ್ಯಾಡ. ಹೇಳೋರು ಹೇಳಿದ್ರು ನನಗ. ಛಲೋ ಮಾತ ಹೇಳಿದ್ರು. ನಾಕ ಮಂದಿ ಮುಂದ ಹೇಳಿದ್ರಂತ ನಾ ಕೇಳಲಿಲ್ಲ ಅಷ್ಟ. ಕೇಳಲಾರದಕ್ಕ ಇನ್ನಷ್ಟ ಮಾರಿದೆ. ಸಿಟ್ಟಿಗೆ ಮಾರಿದೆ. ಬ್ಯಾಸರ ಮಾಡ್ಕೋಬ್ಯಾಡವಾ. ಇನ್ನೊಂದೀಟ ತಡಕೋ. ಆತು, ಆತು…”

ಕತ್ತರಿ ಒಂದು ಕ್ಷಣ ನಿಂತಿತು. ಆಮೇಲೆ ತನ್ನ ಕೆಲಸ ಮುಂದುವರಿಸಿತು.

ಹಗ್ಗ ಹೊರಬಂದಾಗ ಒಂದು ಗೇಣೂ ಇರಲಿಲ್ಲ. ಕಾಂಪೌಂಡರ್ ಅದನ್ನು ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದು, “ಎಂಥಾ ಗಟ್ಟಿ ಹಗ್ಗ ನೋಡ್ರಿ! ಒಂದ ಎಳಿ ಹರದಿಲ್ಲ. ಎಲ್ಲಿದೋ ಏನೋ!” ಎಂದ.

ಕಾಕಾ ಮತ್ತೆ ಚಾವಣಿಯ ಹಂಚುಗಳತ್ತ ತಲೆಯೆತ್ತಿದರು.

“ಎಲ್ಲಿದರ ಇರಲಿ. ಒಗಿ ಅದನ್ನ,” ಎಂದರು ಡಾಕ್ಟರು.

ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ಬಾಯಿಯ ಟವಲು ಬಿಚ್ಚಿದರು. ಕಾಂಪೌಂಡರ್ ಬಟ್ಟಲಲ್ಲಿ ನೀರು ತಂದಿಟ್ಟ. ಅದು ಬಹಳ ಹೊತ್ತು ಬಟ್ಟಲನ್ನು ನೋಡಿತು. ಆಮೇಲೆ ನಾಲಿಗೆ ಚಾಚಿತು. ಒಂದು ಗುಟುಕು ಕೊರಳೊಳಗೆ ಇಳಿಯುವುದನ್ನು ನಾವು ನಾಲ್ವರೂ ನಿಂತು ನೋಡಿದೆವು. ಎರಡನೆಯದೂ ಇಳಿಯಿತು. ನಮ್ಮಲ್ಲಿ ಯಾರೋ ಉಸಿರು ಬಿಟ್ಟರು; ನಾನೇ ಇರಬೇಕು.

“ಎಂಟ ದಿನ ದಿನಾ ಪಟ್ಟಿ ಬದಲಿ ಮಾಡಬೇಕು,” ಎಂದರು ಡಾಕ್ಟರು, ನಮಗೆ ಬೆನ್ನು ಮಾಡಿ ಬಕೆಟ್ಟಿನಲ್ಲಿ ಕೈ ತೊಳೆಯುತ್ತ. “ಕೀವು ಹಿಡೀಲಿಲ್ಲಂದ್ರ ಉಳೀತೈತಿ. ನಾಳೆಯಿಂದ ಕೊಪ್ಪಳದಾಗ ತೋರಸ್ರಿ.”

ಕಾಕಾ ನನ್ನ ಕಡೆ ತಿರುಗಿದರು. “ಎಷ್ಟೊತ್ತಿಗೆ ಬರಬೇಕು ಕೇಳವಾ.”

ನಾನು ಕೇಳಲಿಲ್ಲ. ಅವರ ಟೋಪಿಯನ್ನು ಅವರ ಕೈಗೆ ಕೊಟ್ಟೆ. “ನೀವ ಕೇಳ್ರಿ, ಕಾಕಾ,” ಎಂದೆ. ಆ ವರ್ಷವೆಲ್ಲ ಅವರಿಗೆ ನಾನು ಸ್ವಂತವಾಗಿ ಹೇಳಿದ ಮಾತು ಬಹುಶಃ ಅದೊಂದೇ.

ಅವರು ಟೋಪಿಯನ್ನು ಎರಡು ಸಲ ತಿರುಗಿಸಿ ನೋಡಿದರು. ನಾಯಿಯ ಕಿವಿಯನ್ನು ಒಮ್ಮೆ ಮುಟ್ಟಿದರು. ಅಂಗಳದಲ್ಲಿ ಎಮ್ಮೆ ಬಾಲ ಬೀಸುವ ಸದ್ದು ಕೇಳುತ್ತಿತ್ತು.

“ನಾಳೆ ಮುಂಜಾನೆ ಎಷ್ಟಕ್ಕ ಬರಲಿ?” ಎಂದರು.

ಬಕೆಟ್ಟಿನಲ್ಲಿ ನೀರಿನ ಸದ್ದು ನಿಂತಿತು. ಡಾಕ್ಟರು ತಿರುಗಲಿಲ್ಲ.

“ಯಾವಾಗರ ಬಾ,” ಎಂದರು. ಸ್ವಲ್ಪ ಬಿಟ್ಟು, “ಚಾ ಕುಡದ ಬರಬ್ಯಾಡ,” ಎಂದರು.

ಕಾಕಾ ತಲೆಯಾಡಿಸಿದರು. ಬೆನ್ನು ತಿರುಗಿಸಿ ನಿಂತವರಿಗೆ ಅದು ಕಾಣುವುದಿಲ್ಲವೆಂದು ಹೊಳೆಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮತ್ತೊಮ್ಮೆ ತಲೆಯಾಡಿಸಿದರು. ಊರಿಗೇ ಮಾತುಗಾರರಾದ ಅವರು ಅಷ್ಟು ಕಷ್ಟಪಟ್ಟು ಒಂದು ಅಕ್ಷರ ಹುಡುಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

“ಹೂಂ,” ಎಂದರು.